ಬೇಡಿಕೆಗೆ ಹುಟ್ಟಿಸಿದ ಜೀವ

ಲ್ಯಾಬ್ರಡೂಡಲ್ ಎಂಬ ಮಿಶ್ರತಳಿಯ ನಾಯಿ ಇಂದು ಜಗತ್ತಿನೆಲ್ಲೆಡೆ ಪ್ರಿಯವಾಗಿದೆ. ಅದರ ಹುಟ್ಟಿನ ಹಿಂದೆ ಕರುಣೆಯಿತ್ತು. ಹವಾಯಿಯ ದೃಷ್ಟಿಹೀನ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಾಗಿತ್ತು. ಆದರೆ ಅವರ ಪತಿಗೆ ನಾಯಿಯ ಕೂದಲು ಒಗ್ಗುತ್ತಿರಲಿಲ್ಲ. ಆಸ್ಟ್ರೇಲಿಯಾದ ಮಾರ್ಗದರ್ಶಿ ಶ್ವಾನಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಎಂಬವರು ಪೂಡಲ್ ನಾಯಿಗಳನ್ನು ಪಳಗಿಸಲೆತ್ನಿಸಿ ವಿಫಲರಾಗಿ, 1980ರ ದಶಕದ ಕೊನೆಯಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್‌ಗಳನ್ನು ಕೂಡಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಸುಲ್ತಾನ್ ಎಂಬ ಒಂದೇ ಮರಿಯ ಕೂದಲು ಆ ಗೃಹಸ್ಥರಿಗೆ ಒಗ್ಗಿತು.

ಉಳಿದವುಗಳ ಗತಿಯೇನು? ನಾಯಿಗಾಗಿ ಕಾದಿದ್ದವರ ಪಟ್ಟಿ ಉದ್ದವಿದ್ದರೂ ಬೆರಕೆ ಮರಿಯನ್ನು ಒಯ್ಯಲು ಯಾರೂ ಒಪ್ಪಲಿಲ್ಲ. ಕಾನ್ರನ್ 'ಲ್ಯಾಬ್ರಡೂಡಲ್' ಎಂಬ ಹೆಸರನ್ನು ಸಾರಿದ ಕೂಡಲೇ ಅವೇ ಮರಿಗಳಿಗೆ ಬೇಡಿಕೆ ಬಂದಿತು! ಜೀವ ಅದೇ, ಬದಲಾದದ್ದು ಹೆಸರು ಮಾತ್ರ.

ಲ್ಯಾಬ್ರಡಾರ್‌ನ ಸೌಮ್ಯತೆ, ಪೂಡಲ್‌ನ ಜಾಣ್ಮೆ, ಉದುರದ ಕೂದಲು ಇದರಲ್ಲಿ ಕೂಡಿವೆಯೆಂದು ಕೊಳ್ಳುವವರ ನಂಬಿಕೆ. ಒಂದೇ ಸೂಲಿನ ಮರಿಗಳಲ್ಲಿಯೂ ಕೂದಲು ಬೇರೆಬೇರೆಯಾಗಿರುತ್ತದೆ. ಎರಡು ವಂಶಗಳ ಕೀಲುನೋವು, ಕಣ್ಣಿನ ಬೇನೆಗಳೂ ಇಳಿದುಬರಬಹುದು. ಲಾಭಕ್ಕಾಗಿ ಮನಬಂದಂತೆ ಮರಿಹಾಕಿಸುವವರನ್ನು ಕಂಡು ಕಾನ್ರನ್ 2019ರಲ್ಲಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು.

ದೃಷ್ಟಿಹೀನರಿಗೆ ನೆರವಾಗಬಯಸಿದವರ ಭಾವವನ್ನು ದೂಷಿಸುವುದು ಕಠಿಣ. ಆದರೆ ಹಿಂಸೆಗೆ ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳಿವೆ. ಹಣಕೊಟ್ಟು ಮರಿಯನ್ನು ಬೇಡುವವನು ತಾನೇನೂ ಮಾಡಿಲ್ಲವೆಂದರೆ ಸಲ್ಲದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಾಣಿಗಳಿಗೆ ಕ್ಲೇಶ ತರುವ ವಾಣಿಜ್ಯದ ಮಾತನ್ನೆತ್ತುವುದನ್ನೂ ಪಾಪೋಪದೇಶದಲ್ಲಿ ಸೇರಿಸಿದ್ದಾರೆ.

ಕಲಬುರಗಿಯ ಶ್ರಾವಕರ ಮನೆಯೊಂದರಲ್ಲಿ ಮಗು ಇಂಥ ಮರಿಗಾಗಿ ಹಠ ಹಿಡಿಯಿತೆನ್ನೋಣ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರು. ಗುಂಗುರು ಕೂದಲನ್ನು ಆಗಾಗ ಬಾಚಿ ಕತ್ತರಿಸದಿದ್ದರೆ ಗಂಟುಗಟ್ಟುತ್ತದೆ. ಮನೆಯವರು ಯಾತ್ರೆಗೆ ಹೊರಟಾಗ ಕಟ್ಟಿಹಾಕಿದರೆ ಬಂಧ, ಹೊತ್ತಿಗೆ ಉಣಿಸದಿದ್ದರೆ ಅನ್ನಪಾನನಿರೋಧ. ಎರಡೂ ಅಹಿಂಸಾಣುವ್ರತದ ಅತಿಚಾರಗಳೇ. ಮಾಂಸ ಬೆರೆತ ಸಿದ್ಧ ಆಹಾರದ ಪ್ರಶ್ನೆಯಂತೂ ಇನ್ನೂ ತೊಡಕಿನದು.

ಅದೇ ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಮಗುವನ್ನು ಕರೆದೊಯ್ಯಬಹುದು. ಊರ ನಾಯಿಗೆ ಅಲ್ಲಿನ ಬಿಸಿಲು ಹೊಸದಲ್ಲ. ಅದರ ವಂಶವನ್ನು ಯಾರೂ ಬರೆದಿಟ್ಟಿಲ್ಲ, ಬೆಲೆಯನ್ನೂ ಕಟ್ಟಿಲ್ಲ. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರಕುಮಾರನು ಪಂಚನಮಸ್ಕಾರವನ್ನು ಉಚ್ಚರಿಸಿದ, ಅದು ಯಕ್ಷನಾಗಿ ಹುಟ್ಟಿತು ಎಂಬ ಕಥೆಯನ್ನು ಹಿರಿಯರು ಆ ದಾರಿಯಲ್ಲಿ ಹೇಳಲಿ. ಆ ನಾಯಿ ಯಾವ ತಳಿಯದೆಂದು ಮಗು ಕೇಳಿಯೇ ಕೇಳುತ್ತದೆ.