ಮನೆಗೂ ಕಾಯಕಕ್ಕೂ ನಡುವಣ ದಾರಿ

ಮನೆ ಮಾಡಲು ಹೊರಟವನು ನಿವೇಶನದ ಉದ್ದಗಲಗಳನ್ನು ಅಳೆಯುತ್ತಾನೆ; ದಿಕ್ಕು ನೋಡುತ್ತಾನೆ; ನೀರಿನ ಸೌಕರ್ಯವನ್ನು ವಿಚಾರಿಸುತ್ತಾನೆ; ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತಾನೆ. ಇವೆಲ್ಲವೂ ಯುಕ್ತವೇ. ಆದರೆ ಆ ಮನೆಯಿಂದ ದುಡಿಮೆಯ ಸ್ಥಳಕ್ಕೆ ದಿನವೂ ಹೋಗಿಬರಲು ಎಷ್ಟು ಹೊತ್ತು ಬೇಕು, ಆ ಹೊತ್ತು ಯಾರ ಪಾಲಿನಿಂದ ಕಳೆಯುತ್ತದೆ ಎಂಬುದನ್ನು ಅಷ್ಟೇ ಎಚ್ಚರದಿಂದ ಅಳೆಯುವವರು ವಿರಳ. ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ನೆಲೆನಿಂತಿರುವ ಅನೇಕರು ಮಠಕ್ಕೆ ಬಂದಾಗ ಈ ಮಾತನ್ನು ಎತ್ತುವುದುಂಟು. “ಬುದ್ಧಿ, ಊರೊಳಗೆ ಎರಡು ಕೋಣೆಯ ಮನೆ ಕೊಳ್ಳುವ ಹಣದಲ್ಲಿ ಹೊರವಲಯದಲ್ಲಿ ಸ್ವಂತ ನೆಲವಿರುವ ದೊಡ್ಡ ಮನೆಯೇ ಆಗುತ್ತದೆ. ಯಾವುದನ್ನು ಮಾಡೋಣ?” ಮೇಲ್ನೋಟಕ್ಕೆ ಇದು ಹಣಕಾಸಿನ ಪ್ರಶ್ನೆ. ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆಯೂ ಹೌದು.

ಮೊದಲು ಲೆಕ್ಕವನ್ನೇ ಮಾಡೋಣ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ವರ್ಷಕ್ಕೆ 250 ಕೆಲಸದ ದಿನಗಳೆಂದು ಹಿಡಿದರೆ 750 ಗಂಟೆಗಳಾದವು. ದಿನಕ್ಕೆ 16 ಗಂಟೆ ಎಚ್ಚರವಿರುವವನಿಗೆ ಇದು ವರ್ಷದಲ್ಲಿ 47 ದಿನಗಳಷ್ಟು ಬಾಳು. ಮನೆಯ ಸಾಲ ತೀರಲು 20 ವರ್ಷ ಬೇಕೆಂದಾದರೆ, ಆ ಸಾಲದ ಜೊತೆಯಲ್ಲಿಯೇ 15,000 ಗಂಟೆಗಳು ಸಂದಾಯವಾಗುತ್ತವೆ. ಬ್ಯಾಂಕಿನವರು ಬಡ್ಡಿಯನ್ನು ಕಾಗದದ ಮೇಲೆ ಬರೆದು ಕೊಡುತ್ತಾರೆ. ಈ ಇನ್ನೊಂದು ಕಂತನ್ನು ಯಾರೂ ಬರೆದು ಕೊಡುವುದಿಲ್ಲ. ಹಣದ ಕಂತನ್ನು ಅನುಕೂಲವಾದಾಗ ಮುಂಚಿತವಾಗಿ ತೀರಿಸಬಹುದು. ಹೊತ್ತಿನ ಕಂತಿಗೆ ಆ ಸೌಲಭ್ಯವಿಲ್ಲ.

ಈ ಹೊತ್ತಿನ ಸ್ವರೂಪವೇನೆಂಬುದು ವಿಚಾರಯೋಗ್ಯ. ಪ್ರಯಾಣವು ಕಾಯಕವಲ್ಲ, ಏಕೆಂದರೆ ಅದರಿಂದ ಯಾರಿಗೂ ಏನೂ ಉತ್ಪನ್ನವಾಗುವುದಿಲ್ಲ. ವಿಶ್ರಾಂತಿಯೂ ಅಲ್ಲ, ದೇಹ ಮನಸ್ಸುಗಳು ಬಿಗಿದುಕೊಂಡೇ ಇರುತ್ತವೆ. ಸ್ಕೂಟರಿನ ಮೇಲಿರುವವನಿಗಂತೂ ಧ್ಯಾನದ ಮಾತೇ ಸಲ್ಲದು; ಸಲ್ಲಲೂಬಾರದು. ಹೀಗೆ ಎರಡಕ್ಕೂ ಸೇರದ ಒಂದು ಕಾಲಖಂಡ ಆಧುನಿಕ ಜೀವನದಲ್ಲಿ ಹುಟ್ಟಿಕೊಂಡಿದೆ. ಶರಣರ ಕಾಲದಲ್ಲಿ ಈ ತೊಡಕು ಇಂದಿನಂತೆ ಇರಲಿಲ್ಲ. ನೇಯುವವರ ಮಗ್ಗ ಮನೆಯೊಳಗೇ ಇತ್ತು. ಕುಂಬಾರನ ತಿಗರಿ ಅಂಗಳದಲ್ಲಿತ್ತು. ದುಡಿಯುವ ತಂದೆಯನ್ನು ಮಕ್ಕಳು ಕಣ್ಣಾರೆ ಕಾಣುತ್ತಿದ್ದರು. ದುಡಿಮೆಯ ಮನೆಯೂ ವಾಸದ ಮನೆಯೂ ದೂರ ದೂರ ಸರಿದದ್ದು ಕಾರ್ಖಾನೆಗಳ ಯುಗದಲ್ಲಿ.

ಆದರೂ ನಮ್ಮ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಇದನ್ನು ಕಂಡುಕೊಂಡು ಪರಿಹಾರ ಹುಡುಕಿದವರಿದ್ದರು. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಗೊಂಡ ಮೇಲೆ ಆ ಕಾರ್ಖಾನೆಗಳ ಮಗ್ಗುಲಲ್ಲಿಯೇ ಕಾರ್ಮಿಕರ ವಸತಿಗಳು ಎದ್ದವು. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಬೆಳೆದವರನ್ನು ಕೇಳಿದರೆ ಕಾರ್ಖಾನೆಯ ಸೈರನ್ನು ಮನೆಯ ಗಡಿಯಾರವಾಗಿದ್ದುದನ್ನು ಹೇಳುತ್ತಾರೆ. ಎಲ್ಲರಿಗೂ ಮನೆ ಸಿಗಲಿಲ್ಲವೆಂಬುದು ನಿಜ. ಆದರೂ ದುಡಿಸಿಕೊಳ್ಳುವ ಸಂಸ್ಥೆಗೆ ದುಡಿಯುವವನ ವಾಸದ ಹೊಣೆಯೂ ಒಂದಿಷ್ಟು ಇದೆಯೆಂಬ ಭಾವನೆ ಅಲ್ಲಿತ್ತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರದ ಕಡೆ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಮುಂದೆ ಅಲ್ಲಿಗೂ ವೈಟ್‌ಫೀಲ್ಡಿಗೂ ಲಕ್ಷಾಂತರ ಉದ್ಯೋಗಗಳು ಬಂದವು. ಹಳೆಯ ಕಾರ್ಖಾನೆಗಳ ಆ ಪದ್ಧತಿ ಮಾತ್ರ ಜೊತೆಯಲ್ಲಿ ಬರಲಿಲ್ಲ. ವಾಸದ ವಿಷಯ ನೌಕರನ ಖಾಸಗಿ ಸಂಗತಿಯಾಯಿತು. ದಾರಿಯ ಹೊರೆಯೂ ಅವನದೇ ಆಯಿತು.

ದೊಡ್ಡ ಮನೆಯ ಸುಖವು ದಾರಿಯ ದುಃಖವನ್ನು ಸರಿದೂಗಿಸುವುದಿಲ್ಲವೆ ಎಂದು ಕೇಳಬಹುದು. ಅರ್ಥಶಾಸ್ತ್ರದ ಸಾಮಾನ್ಯ ನ್ಯಾಯದಂತೆ ಸರಿದೂಗಿಸಲೇಬೇಕು. ಇಲ್ಲವಾದರೆ ಬುದ್ಧಿವಂತರು ಏಕೆ ದೂರ ಹೋಗುತ್ತಾರೆ? ಈ ನ್ಯಾಯವನ್ನೇ ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟಟ್ಜರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಕುಟುಂಬಗಳ ಬಗ್ಗೆ ಹಲವು ವರ್ಷ ಸಂಗ್ರಹಿಸಿದ ಮಾಹಿತಿಯಿಂದ ಪರೀಕ್ಷಿಸಿ, 2008ರಲ್ಲಿ ಪ್ರಕಟಿಸಿದರು. ಹೆಚ್ಚು ಹೊತ್ತು ಪ್ರಯಾಣ ಮಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿಯನ್ನು ಸೂಚಿಸಿದ್ದರು. ಸಂಬಳವಾಗಲಿ ಮನೆಯಾಗಲಿ ಆ ಕೊರತೆಯನ್ನು ತುಂಬಿಕೊಟ್ಟಿರಲಿಲ್ಲ. ಕಾರಣ ನಮಗೆ ದುರೂಹವೆನಿಸುವುದಿಲ್ಲ. ಹೆಚ್ಚಿನ ಒಂದು ಕೋಣೆ ಆರು ತಿಂಗಳಿಗೆ ಅಭ್ಯಾಸವಾಗುತ್ತದೆ. ಅದು ಇದೆಯೆಂಬುದೇ ಮರೆತುಹೋಗುತ್ತದೆ. ದಾರಿ ಹಾಗಲ್ಲ. ಒಂದು ದಿನ ಮಳೆ, ಒಂದು ದಿನ ಅಗೆದ ರಸ್ತೆ, ಮತ್ತೊಂದು ದಿನ ಕೆಟ್ಟುನಿಂತ ಲಾರಿ. ದಿನವೂ ಹೊಸದಾಗಿ ಬರುವ ತೊಂದರೆಗೆ ಮನಸ್ಸು ಒಗ್ಗುವುದಿಲ್ಲ.

ಇಲ್ಲಿ ಒಂದು ಅನುಭವದ ಮಾತು. ಗೃಹಪ್ರವೇಶಗಳಿಗೆ ಹೋದಾಗಲೆಲ್ಲ ಮನೆಯವರು “ಇಲ್ಲಿಂದ ಆಫೀಸಿಗೆ ಬರೀ ಅರ್ಧ ಗಂಟೆ” ಎಂದು ನಮಗೆ ಹೇಳುವುದುಂಟು. ಅವರು ಸುಳ್ಳು ಹೇಳುವವರಲ್ಲ. ನಿವೇಶನ ನೋಡಿದ್ದು ಭಾನುವಾರ. ಪೂಜೆಗೆ ಬಂದದ್ದು ಬ್ರಾಹ್ಮೀ ಮುಹೂರ್ತದಲ್ಲಿ. ಆ ಹೊತ್ತುಗಳಲ್ಲಿ ಬೆಂಗಳೂರು ಬೇರೆಯೇ ಊರು. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 29 ನಿಮಿಷ ಬೇಕಾಗಿತ್ತು. ಅದೂ ಇಡೀ ದಿನದ ಸರಾಸರಿ. ಕಚೇರಿಯ ವೇಳೆಯಲ್ಲಿ ಇನ್ನೂ ಹೆಚ್ಚು. ಸತ್ಯವನ್ನು ತಿಳಿಯಬೇಕಾದರೆ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆ ನಿವೇಶನದಿಂದ ಹೊರಟು ನೋಡಬೇಕು.

ಬರಲಿರುವ ಮೆಟ್ರೋವನ್ನು ನಂಬಿ ಕೊಳ್ಳುವವರೂ ಇದ್ದಾರೆ. ಮೆಟ್ರೋದಿಂದ ಉಪಕಾರವಾಗಿದೆ, 2023ರಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ಣಗೊಂಡ ಮೇಲೆ ಕೆಂಗೇರಿಯ ಕಡೆಯ ಎಷ್ಟೋ ಕುಟುಂಬಗಳಿಗೆ ಉಸಿರು ಬಂದಂತಾಯಿತು. ಆದರೆ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗವನ್ನು ನೋಡಿ. ಅದು ಸೇರಿದ್ದ ಎರಡನೆಯ ಹಂತಕ್ಕೆ ಕೇಂದ್ರದ ಒಪ್ಪಿಗೆ ದೊರೆತದ್ದು 2014ರಲ್ಲಿ. ರೈಲು ಓಡಿದ್ದು 2025ರ ಆಗಸ್ಟಿನಲ್ಲಿ. ಅಂದು ಒಂದನೆಯ ತರಗತಿಗೆ ಸೇರಿದ್ದ ಮಗು ಇಂದು ಕಾಲೇಜಿನಲ್ಲಿದೆ. ಆ ಮಗುವಿನ ಬಾಲ್ಯಕ್ಕೆ ಮೆಟ್ರೋ ಬರಲಿಲ್ಲ. 2020ರ ಮಾರ್ಚಿನ ಲಾಕ್‌ಡೌನಿನ ನಂತರ ಮನೆಯಿಂದಲೇ ಕೆಲಸವೆಂದು ನಂಬಿ ದೂರ ಹೋದ ಕೆಲವರಿಗೂ ಕಚೇರಿಯಿಂದ ಮತ್ತೆ ಕರೆ ಬಂದಾಗ ಇಂಥದೇ ಪಾಡಾಯಿತು.

ಮಗುವಿನ ಮಾತು ಬಂತು. ನಮ್ಮ ದೃಷ್ಟಿಯಲ್ಲಿ ಈ ಪ್ರಶ್ನೆಯ ತಿರುಳು ಅಲ್ಲಿಯೇ ಇದೆ. ಕ್ರಯಪತ್ರಕ್ಕೆ ರುಜು ಹಾಕುವವನು ಒಬ್ಬ. ದಾರಿಯ ಬೆಲೆಯನ್ನು ಕೊಡುವವರು ಇತರರು. ತಂದೆ ಏಳು ಗಂಟೆಗೆ ಹೊರಟು ರಾತ್ರಿ ಒಂಬತ್ತಕ್ಕೆ ಬಂದರೆ ಎಳೆಯ ಮಗುವಿನ ಪಾಲಿಗೆ ಅವನು ಭಾನುವಾರದ ಅತಿಥಿ. “ಎಲ್ಲವೂ ಮಕ್ಕಳಿಗಾಗಿಯೇ” ಎನ್ನುತ್ತಾನೆ. ಮಕ್ಕಳನ್ನು ಕೇಳಿದವರಿಲ್ಲ. ಹಳ್ಳಿಯಿಂದ ಕರೆತಂದ ವೃದ್ಧ ತಾಯಿಯದು ಇನ್ನೊಂದು ಕಷ್ಟ: ನೆರೆಮನೆಗಳಲ್ಲಿಯೂ ಹಗಲು ಬೀಗ, ಮಾತಾಡಲು ಒಂದು ಜೀವವಿಲ್ಲ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳಲ್ಲಿ ತೊಡಕು ಇಮ್ಮಡಿ. ಗಂಡನ ಕೆಲಸ ಪೀಣ್ಯದಲ್ಲಿ, ಹೆಂಡತಿಯದು ವೈಟ್‌ಫೀಲ್ಡಿನಲ್ಲಿ ಎಂದಿಟ್ಟುಕೊಳ್ಳಿ. ಎರಡಕ್ಕೂ ಸಮದೂರದಲ್ಲಿ ಮನೆ ಮಾಡುವುದೇ ನ್ಯಾಯವೆಂದು ತೋರುತ್ತದೆ. ಮನೆಗೆ ಬಂದ ಮೇಲೆ ಒಲೆಯ ಮುಂದೆ ನಿಲ್ಲುವವರು ಯಾರೆಂಬುದನ್ನು ಮರೆತಾಗ ಮಾತ್ರ ಅದು ನ್ಯಾಯ. ಆ ಕೆಲಸವನ್ನು ಗಂಡನು ಸಮವಾಗಿ ಹಂಚಿಕೊಳ್ಳುವವರೆಗೆ ಮನೆ ಹೆಂಡತಿಯ ಕೆಲಸಕ್ಕೇ ಹತ್ತಿರವಿರತಕ್ಕದ್ದು. ಹಿರಿಯ ಭಕ್ತರಲ್ಲಿ ಕೆಲವರಿಗೆ ಈ ಮಾತು ರುಚಿಸಲಾರದು, ಇರಲಿ.

ಹಾಗೆಂದು ದೂರವೆಲ್ಲ ದೋಷವೆಂದು ನಾವು ಹೇಳುತ್ತಿಲ್ಲ. ಸುಮಾರು 70 ಕಿಲೋಮೀಟರು ದೂರದ ತುಮಕೂರಿನಿಂದ, ಅದಕ್ಕಿಂತ ಹತ್ತಿರದ ರಾಮನಗರದಿಂದ, ಅಷ್ಟೇಕೆ ಮಂಡ್ಯದಿಂದಲೂ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಬಂದು ಹೋಗುವವರಿದ್ದಾರೆ. ಅವರಲ್ಲಿ ಅನೇಕರು ಹಾಸಿಗೆ ಹಿಡಿದ ತಂದೆಯನ್ನೋ, ಪಿತ್ರಾರ್ಜಿತವಾದ ತುಂಡು ಹೊಲವನ್ನೋ ಬಿಟ್ಟುಬರಲಾರದೆ ಈ ಶ್ರಮವನ್ನು ಒಪ್ಪಿಕೊಂಡವರು. ಒಬ್ಬನು ಒಂದು ಕೋಣೆ ಹೆಚ್ಚಾಗಲೆಂದು ಮನೆಯವರಿಂದ ದೂರವಾಗುತ್ತಾನೆ; ಇನ್ನೊಬ್ಬನು ಮನೆಯವರಿಂದ ದೂರವಾಗಬಾರದೆಂದೇ ದೂರ ಪ್ರಯಾಣ ಮಾಡುತ್ತಾನೆ. ಗಡಿಯಾರ ಎರಡಕ್ಕೂ ಒಂದೇ ಅಂಕಿಯನ್ನು ತೋರಿಸೀತು. ಎರಡೂ ಒಂದೇ ಎನ್ನಲಾದೀತೆ? ರೈಲಿನಲ್ಲಿ ಬರುವವನಿಗೆ ಕುಳಿತುಕೊಳ್ಳಲು ಸ್ಥಳ ಸಿಕ್ಕರೆ ಒಂದು ಪುಸ್ತಕ ಓದಬಹುದು, ಹತ್ತು ವರ್ಷ ಜೊತೆಗೆ ಬಂದವರೊಡನೆ ಕಷ್ಟಸುಖ ಹಂಚಿಕೊಳ್ಳಬಹುದು. ಒಬ್ಬೊಬ್ಬರೇ ಕಾರಿನೊಳಗೆ ಕುಳಿತು ಮುಂದಿನವನನ್ನು ಶಪಿಸುವವರಿಗೆ ಆ ಭಾಗ್ಯವೂ ಇಲ್ಲ.

ಆಯ್ಕೆಯೇ ಇಲ್ಲದವರ ಮಾತು ಬೇರೆ. ಉಡುಪು ಕಾರ್ಖಾನೆಗಳಿಗೆ ಬರುವ ಹೆಣ್ಣುಮಕ್ಕಳು, ಬಡಾವಣೆಗಳ ಮನೆಗೆಲಸದವರು ಬಾಡಿಗೆ ಎಟುಕುವಲ್ಲಿ ಇರುತ್ತಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ಟಿನ ಹಣ ಉಳಿಯತೊಡಗಿತು, ಹೊತ್ತು ಉಳಿಯಲಿಲ್ಲ. ಹೊರವಲಯದ ಹೊಸ ಬಡಾವಣೆಗೆ ಮನೆ ಬದಲಾಯಿಸಿದವರು ತಮ್ಮ ಪಾತ್ರೆ ತೊಳೆಯಲು ಬರುವಾಕೆ ಎಷ್ಟು ಬಸ್ಸು ಬದಲಾಯಿಸಿ ಬರುತ್ತಾಳೆಂದು ಒಮ್ಮೆ ವಿಚಾರಿಸಿಯಾರೆ?

ಆಯ್ಕೆಯುಳ್ಳ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನಾವು ಹೇಳುತ್ತ ಬಂದಿರುವುದು ಇಷ್ಟು. ಯಾವ ಬಡಾವಣೆಯಲ್ಲಿ ಕೊಳ್ಳಬೇಕೆಂದಿರುವಿರೋ ಅಲ್ಲಿಯೇ ಆರು ತಿಂಗಳು ಬಾಡಿಗೆಗೆ ಇದ್ದು ನೋಡಿರಿ. ಆ ಆರು ತಿಂಗಳಲ್ಲಿ ಮಳೆಗಾಲವೂ ಸೇರಿರಲಿ, ಶಾಲೆಗಳು ತೆರೆದಿರಲಿ. ರಾತ್ರಿ ಮನೆ ತಲುಪಿದ ಹೊತ್ತನ್ನು ಗೋಡೆಯ ಪಂಚಾಂಗದಲ್ಲಿ ಮನೆಯಾಕೆಯೇ ಬರೆದಿಡಲಿ, ನೀವು ಬರೆಯಬೇಡಿರಿ. ಆರು ತಿಂಗಳಾದ ಮೇಲೆ ಆ ಪಂಚಾಂಗವನ್ನು ನಡುವೆ ಇಟ್ಟುಕೊಂಡು ಎಲ್ಲರೂ ಕುಳಿತು ಮಾತಾಡಿರಿ. ಅಜ್ಜಿಯೂ ಇರಲಿ, ಮಕ್ಕಳೂ ಇರಲಿ. ಅಲ್ಲಿಯವರೆಗೆ ಮುಂಗಡ ಕೊಡಬೇಕಾದ ಅವಸರವೇನಿಲ್ಲ.