ಒರಟು ಕಂಠಗಳ ಸಖ್ಯ

ಇಬ್ಬರು ಸೇರಿ ಹಾಡಿದರೆ ಒಬ್ಬರ ದನಿ ಇನ್ನೊಬ್ಬರ ದನಿಯಲ್ಲಿ ಕರಗಿಹೋಗಬೇಕು ಎನ್ನುವುದು ನಮ್ಮ ಸಾಮಾನ್ಯ ಎಣಿಕೆ. ಅಮೆರಿಕದ ಹೇಝಲ್ ಡಿಕೆನ್ಸ್ ಮತ್ತು ಆಲಿಸ್ ಜೆರಾರ್ಡ್ ಅವರ ಹಾಡು ಕೇಳಿದರೆ ಆ ಎಣಿಕೆ ನಿಲ್ಲುವುದಿಲ್ಲ.

ಹೇಝಲ್ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಗಣಿಗಳ ಬೆಟ್ಟನಾಡಿನವರು. ಹನ್ನೊಂದು ಮಕ್ಕಳ ಬಡ ಸಂಸಾರ. ತಂದೆ ಬ್ಯಾಂಜೊ ನುಡಿಸುತ್ತಿದ್ದರು, ಧರ್ಮಬೋಧಕರೂ ಆಗಿದ್ದರು. ಅವರ ಪಂಥದ ಚರ್ಚುಗಳಲ್ಲಿ ವಾದ್ಯಗಳಿಗೆ ಜಾಗವಿಲ್ಲ. ಬರಿಗಂಠದಲ್ಲೇ ಎದೆ ತುಂಬಿ ಹಾಡಬೇಕು. ಆ ಕಂಠವನ್ನೇ ಹೊತ್ತು ಹೇಝಲ್ 1950ರ ದಶಕದಲ್ಲಿ ಹೊಟ್ಟೆಪಾಡಿಗಾಗಿ ಬಾಲ್ಟಿಮೋರ್ ನಗರಕ್ಕೆ ಬಂದು ಕಾರ್ಖಾನೆ ಕೆಲಸಕ್ಕೆ ಸೇರಿದರು. ಬೆಟ್ಟದ ಕಡೆಯಿಂದ ಬಂದವರ ಮಾತಿನ ಧಾಟಿಯನ್ನು ಆ ನಗರ ಆಡಿಕೊಳ್ಳುತ್ತಿತ್ತು.

ಆಲಿಸ್ ಹುಟ್ಟಿದ್ದು ಸಿಯಾಟಲ್‌ನಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಬೆಟ್ಟಸೀಮೆಯ ಹಳೆಯ ಹಾಡುಗಳು ಅವರಿಗೆ ಒಲಿದದ್ದು ಓಹಾಯೊದ ಕಾಲೇಜಿನಲ್ಲಿ, ಹಳೆಯ ಗ್ರಾಮಫೋನ್ ಮುದ್ರಣಗಳ ಮೂಲಕ. ಮುಂದೆ ಇಬ್ಬರೂ ಭೇಟಿಯಾದಾಗ, ಓದಿಕೊಂಡವರೆಂದರೆ ಹೇಝಲ್‌ಗೆ ಮೊದಮೊದಲು ಅಳುಕು, ಅನುಮಾನ. ಮನೆಮನೆಯ ಹಾಡುಕೂಟಗಳಲ್ಲಿ ಎದುರುಬದುರು ಕೂತು ಹಾಡುತ್ತ ಹಾಡುತ್ತ ಆ ಅಳುಕು ಸಡಿಲಿತು. ಒಬ್ಬರಿಗೆ ಹುಟ್ಟಿನಿಂದ ಬಂದ ಹಾಡು, ಇನ್ನೊಬ್ಬರು ಹಂಬಲಿಸಿ ಕಲಿತ ಹಾಡು. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಲೆಕ್ಕ ನನಗೆ ಸಣ್ಣದಾಗಿ ಕಾಣುತ್ತದೆ. ಹಾಡಿನ ಮುಂದೆ ಇಬ್ಬರೂ ಸಮನಾಗಿಯೇ ನಿಂತರು.

ಇವರ ಜೋಡಿಗಾಯನ ನಮ್ಮ ಜುಗಲ್‌ಬಂದಿಯಂತೆ ಸರದಿಯ ಮೇಲೆ ನಡೆಯುವುದಿಲ್ಲ. ಒಂದೇ ಸಾಲನ್ನು ಇಬ್ಬರೂ ಒಟ್ಟಿಗೆ ಹಾಡುತ್ತಾರೆ, ಬೇರೆಬೇರೆ ಸ್ವರದಲ್ಲಿ. ಬಹುಪಾಲು ಹಾಡುಗಳಲ್ಲಿ ಆಲಿಸ್ ಮೂಲ ಧಾಟಿ ಹಿಡಿದರೆ ಹೇಝಲ್ ಅದರ ಮೇಲೆ ಎತ್ತರದ ಸ್ವರ ಹಿಡಿದು ಎಳೆಯುತ್ತಾರೆ. ಇವರು ಹಾಡುತ್ತಿದ್ದ ಬ್ಲೂಗ್ರಾಸ್ ಎಂಬ ಬೆಟ್ಟಸೀಮೆಯ ಸಂಗೀತದಲ್ಲಿ ಆ ಎತ್ತರದ ಜಾಗ ಗಂಡಸರದ್ದೇ ಎಂದು ನಂಬಿದ್ದ ಕಾಲ ಅದು. ಹೇಝಲ್ ದನಿಯಲ್ಲಿ ಸೀಳು ಇದೆ, ಮೂಗಿನ ಎಳೆತ ಇದೆ. ಆಲಿಸ್ ದನಿ ಒಣದು, ನೇರವಾದದ್ದು. ಇಬ್ಬರೂ ತಮ್ಮ ದನಿಯನ್ನು ನಯ ಮಾಡಿಕೊಳ್ಳಲು ಹೋಗಲಿಲ್ಲ. ಎರಡು ಸ್ವರ ಒಂದನ್ನೊಂದು ಉಜ್ಜುವ ಕಡೆಯೇ ಹಾಡು ಎದೆಗೆ ನಾಟುತ್ತದೆ.

1965ರಲ್ಲಿ ಮೊದಲ ಆಲ್ಬಮ್ ಬಂತು. ಆದರೆ ನನಗೆ ದೊಡ್ಡದಾಗಿ ಕಾಣುವುದು 1973ರ ‘ಹೇಝಲ್ ಅಂಡ್ ಆಲಿಸ್’. ಅಷ್ಟರಲ್ಲಿ ಇಬ್ಬರೂ ಹಳೆಯ ಧಾಟಿಯಲ್ಲೇ ಸ್ವಂತ ಹಾಡು ಕಟ್ಟತೊಡಗಿದ್ದರು. ಗಂಡನ ಇಷ್ಟಕ್ಕೆ ತಕ್ಕಂತೆ ತನ್ನನ್ನು ತಿದ್ದಿ ತಿದ್ದಿ ಸೋತ ಹೆಣ್ಣಿನ ಹಾಡನ್ನು ಆಲಿಸ್ ಬರೆದರು. ‘ಕೆಟ್ಟವಳು’ ಎನಿಸಿಕೊಂಡವಳ ಪರ ನಿಂತು, ಅವಳನ್ನು ಆ ಸ್ಥಿತಿಗೆ ತಂದ ಗಂಡಸರನ್ನೇ ಕೇಳುವ ಹಾಡು ಹೇಝಲ್‌ ಅವರದು. ಗಣಿಯ ದೂಳು ಶ್ವಾಸಕೋಶಕ್ಕೆ ಇಳಿದು ಸತ್ತ ಅಣ್ಣನ ನೋವಿನಿಂದ ಹುಟ್ಟಿದ್ದು ‘ಬ್ಲ್ಯಾಕ್ ಲಂಗ್’. ಗಣಿಕಾರ್ಮಿಕರ ಮುಷ್ಕರದ ಬಗೆಗಿನ ‘ಹಾರ್ಲನ್ ಕೌಂಟಿ ಯುಎಸ್ಎ’ ಸಾಕ್ಷ್ಯಚಿತ್ರದಲ್ಲೂ ಹೇಝಲ್ ದನಿಯಿದೆ.

ಇವರ ಹಾಡು ಬೇರೆಯವರಿಗೂ ದಾರಿ ತೋರಿತು. ಕೆಂಟಕಿಯಲ್ಲಿ ನೇಯೋಮಿ ಜಡ್ ಎಂಬ ತಾಯಿಗೆ ಹಳೆಯ ರೆಕಾರ್ಡುಗಳ ರಾಶಿಯಲ್ಲಿ ಈ ಜೋಡಿಯ ಆಲ್ಬಮ್ ಸಿಕ್ಕಿತು. ಮಗಳು ವೈನೋನಾಳನ್ನು ಕೂರಿಸಿಕೊಂಡು ಅದನ್ನು ಕೇಳಿ ಕೇಳಿ ಅವರು ಜೊತೆದನಿ ಕಲಿತರು. ಮುಂದೆ ‘ದ ಜಡ್ಸ್’ ಎಂದು ದೇಶವೆಲ್ಲ ಕೊಂಡಾಡಿದ್ದು ಈ ತಾಯಿಮಗಳನ್ನೇ.

ಹೇಝಲ್ ಮತ್ತು ಆಲಿಸ್ 1976ರಲ್ಲಿ ಬೇರೆಯಾದರು. ಹೇಝಲ್ 2011ರಲ್ಲಿ ತೀರಿಕೊಂಡರು. 2017ರಲ್ಲಿ ಇಬ್ಬರ ಹೆಸರೂ ಒಟ್ಟಿಗೇ ಬ್ಲೂಗ್ರಾಸ್ ಹಾಲ್ ಆಫ್ ಫೇಮ್ ಸೇರಿದಾಗ ಹೇಝಲ್ ಇರಲಿಲ್ಲ. ಬದುಕಿದ್ದಾಗಲೇ ಸಲ್ಲಬೇಕಿದ್ದ ಮನ್ನಣೆ ಅದು.

ಜೊತೆಗಾರರನ್ನು ಹುಡುಕಿಕೊಂಡು ಹಾಡಲು ಹೊರಟಿರುವ ಎಳೆಯರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಅವರು 1973ರ ಆ ಆಲ್ಬಮ್ ಒಮ್ಮೆ ಕೇಳಲಿ. ತಮ್ಮ ಊರಿನ ಉಚ್ಚಾರವನ್ನು ತಿದ್ದಿಕೊಳ್ಳುವ ಮೊದಲೇ ಕೇಳಲಿ.