ಸಾಲ ಸಿಗದ ಎಣ್ಣೆ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. 2005ರ ಮಹಾಪೂರದಲ್ಲಿ ಪಾಠ ಕಲಿತಿದ್ದ ನಾವು ಹೊಲದ ಉತಾರ, ರೇಷನ್ ಕಾರ್ಡುಗಳನ್ನು ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆವು. ಆದರೆ ಆಸರೆಗೆ ಹೋದ ಶಾಲೆಯಲ್ಲಿ ಅಣ್ಣನಿಗೂ ನನಗೂ ಒಂದೇ ಕೋಣೆ. ಬದುವಿನ ಜಗಳದಿಂದ ಆರು ವರ್ಷ ಮಾತು ಬಿಟ್ಟಿದ್ದೆವು. ವೈನಿ ರೊಟ್ಟಿ ಕೊಟ್ಟರು. ಎದುರಿಗಿದ್ದ ಅಣ್ಣನನ್ನು ಮಾತಾಡಿಸಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಆಗಮನ ಕಾಲದಲ್ಲಿ ಚರ್ಚಿನಲ್ಲಿ ಕೇಳುವ ಹತ್ತು ಕನ್ಯೆಯರ ಸಾಮ್ಯ ಆ ರಾತ್ರಿ ನೆನಪಾಯಿತು. ಬುದ್ಧಿವಂತೆಯರು ಎಣ್ಣೆ ಹಂಚಿಕೊಳ್ಳಲಿಲ್ಲವಲ್ಲ, ಅದು ಜಿಪುಣತನವಲ್ಲವೇ ಎಂದು ಚಿಕ್ಕಂದಿನಿಂದಲೂ ನನಗೆ ಅನಿಸುತ್ತಿತ್ತು. ರೊಟ್ಟಿ ಹಂಚಬಹುದು, ಕ್ಷಮಿಸುವ ಮನಸ್ಸನ್ನು ಕಡ ಕೊಡಲು ಯಾರಿಗೂ ಆಗದು ಎಂಬುದು ಅಂದು ತಿಳಿಯಿತು.

ಇನ್ನೊಂದು ಮಾತಿದೆ. ಮದುಮಗ ತಡಮಾಡಿದಾಗ ಹತ್ತೂ ಜನ ನಿದ್ದೆ ಹೋಗಿದ್ದರು. ಆದ್ದರಿಂದ ಸಿದ್ಧತೆ ಎಂದರೆ ದಿನ ಎಣಿಸುತ್ತ ಎಚ್ಚರವಿರುವುದಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನಿಗಾಗಿ ಕಾದರು; ಆ ದಿನವೂ ಎಲ್ಲ ದಿನಗಳಂತೆ ಕಳೆಯಿತು. ಮತ್ತಾಯನ ಅದೇ 25ನೇ ಅಧ್ಯಾಯದ ಕೊನೆಗೆ ಬರುವ ರಾಜ ದಿನಾಂಕ ಕೇಳುವುದಿಲ್ಲ. ಹಸಿದವರಿಗೆ ಉಣಿಸಿದಿರಾ, ಪರದೇಶಿಗೆ ಆಸರೆ ಕೊಟ್ಟಿರಾ ಎಂದೇ ನೋಡುತ್ತಾನೆ. ಎಣ್ಣೆ ತುಂಬುವುದು ಹೀಗೆ ದಿನದಿನದ ನಡೆಯಿಂದ ಎಂದು ನಾನು ತಿಳಿದಿದ್ದೇನೆ.

ನೀರಿಳಿದ ಮೇಲೆ ಅಣ್ಣನ ಮನೆಗೆ ಹೋದೆ, ಕೆಸರು ಬಳಿಯಲು. ಬದುವಿನ ತಕರಾರು ಇನ್ನೂ ಮುಗಿದಿಲ್ಲ. ಮಾತು ಶುರುವಾಗಿದೆ.